ಹುಲುಗಣ್ಣ ಸಾರಿದ ವಿಶ್ವವಿದ್ಯಾಲಯ

"ಕೇಳ್ರಪ್ಪೋ ಕೇಳ್ರಿ! ನಾಳೆ ಮುಂಜಾನಿ ಸಮುದಾಯ ಭವನಕ್ಕ ವಿಶ್ವವಿದ್ಯಾಲಯದೋರು ಬರ್ತಾರ! ನಾಳೆ ನೌಕರಿ ದಾರಿ ತೋರಸ್ತಾರ, ನಾಡಿದ್ದು ವಿಚಾರ ಸಂಕಿರಣ, ಅದರ ಮರುದಿನ ಹಾಡು, ಕುಣಿತ! ಎಲ್ಲಾರೂ ಬರ್ರಿ!"

ಇಲ್ಲಿಗೆ ನಿಲ್ಲಿಸಿದ್ದರೆ ಹಿರೇಹಡಗಲಿಯ ಹುಲುಗಣ್ಣನ ಮಾನ ಉಳಿಯುತ್ತಿತ್ತು. ಆದರೆ ಪಂಚಾಯ್ತಿಯ ಡಂಗುರದಲ್ಲೇ ಪಳಗಿದ ನಾಲಿಗೆ ತಾನಾಗಿಯೇ ಒಂದು ಬಾಲ ಸೇರಿಸಿತು: "ಮನಿಗೊಬ್ಬರು ಬರಬೇಕು! ಬರದಿದ್ದೋರ ಮನಿ ನಳದ ನೀರು ಬಂದ್!"

ಹೆಗಲಿನ ಚರ್ಮದ ಹಲಗೆಯೂ ಡಬ ಡಬ ಎಂದು ಹೌದೆಂದಿತು.

ಪಕ್ಕದಲ್ಲಿ ನಿಂತು ವಿಡಿಯೊ ಹಿಡಿಯುತ್ತಿದ್ದ ಬಸವೇಶರು ತಟ್ಟನೆ ಮೊಬೈಲು ಕೆಳಗಿಳಿಸಿದರು. ಅವರು ವಿಶ್ವವಿದ್ಯಾಲಯದ ಅತಿಥಿ ಉಪನ್ಯಾಸಕರು. ತಲೆ ನರೆಯುವವರೆಗೂ ಅತಿಥಿಯನ್ನು ಅತಿಥಿಯಾಗಿಯೇ ಇಟ್ಟುಕೊಳ್ಳುವ ಸೌಜನ್ಯ ನಮ್ಮ ವಿಶ್ವವಿದ್ಯಾಲಯಗಳಿಗಲ್ಲದೆ ಇನ್ನಾರಿಗೂ ಇಲ್ಲ.

"ಏನ್ ಸಾರಿದ್ಯೋ ಮಾರಾಯ? ನಳದ ಸುದ್ದಿ ನಿನಗ್ಯಾರು ಹೇಳಿದ್ರು?"

"ಬಾಯಿಗೆ ರೂಢಿ ಆಗೇತ್ರಿ ಸರ. ಕಂದಾಯ ಕಟ್ರಿ ಅಂದ್ರೂ ನಳ, ಪೋಲಿಯೊ ಹನಿ ಹಾಕಸ್ರಿ ಅಂದ್ರೂ ನಳ. ಅದನ್ನ ಅನ್ನದಿದ್ರ ಡಂಗುರ ಮುಗಿದಂಗ ಆಗಲ್ರಿ. ಇನ್ನೊಂದು ಸುತ್ತು ಹೋಗಿ ಸುಳ್ಳು ಅಂತ ಸಾರಿ ಬರ್ಲೇನ್ರಿ?"

ಅದು ಅವನ ಅಪ್ಪನ ಕಾಲದ ಕಟ್ಟಳೆ. ತಪ್ಪು ಸಾರಿದವನು ಅದೇ ಹಲಗೆ ಬಾರಿಸಿಯೇ ಅದನ್ನು ತಿದ್ದಬೇಕು. ಬರಿ ಬಾಯಲ್ಲಿ ಹೇಳಿದರೆ ನಡೆಯದು.

ಬಸವೇಶರು ತುಸು ಯೋಚಿಸಿದರು. ಹಿಂದಿನ ಊರಿನಲ್ಲಿ ಅವರ ಕಾರ್ಯಕ್ರಮಕ್ಕೆ ಕುರ್ಚಿಗಳು ಮಾತ್ರ ಬಂದಿದ್ದವು.

"ಬ್ಯಾಡ ಬಿಡು. ಜನ ಅಂತೂ ಬರ್ತಾರ. ನಾಳೆ ಭವನ ತುಂಬಿತು ಅಂದ್ರ ಹಡಗಲಿ, ಕೊಟ್ಟೂರು, ಹರಪನಹಳ್ಳಿ, ಎಲ್ಲಾ ಕಡಿ ಡಂಗುರದ ಕೆಲಸ ನಿಂದ."

ಹುಲುಗಣ್ಣ ಇನ್ನೊಂದು ಸುತ್ತಿನ ಮಾತನ್ನು ಅಲ್ಲಿಗೇ ಬಿಟ್ಟ. ಈಗ ಊರಿನ ಸುದ್ದಿಯನ್ನೆಲ್ಲ ಪಂಚಾಯ್ತಿಯ ಕಸದ ಗಾಡಿಯೇ ಹೇಳುತ್ತದೆ. ಕಸ ಒಳಕ್ಕೆ, ಸುದ್ದಿ ಹೊರಕ್ಕೆ. ಅವನ ಹಲಗೆ ಗೂಟಕ್ಕೆ ತೂಗಿಕೊಂಡು ಧೂಳು ತಿನ್ನುತ್ತಿತ್ತು. ಸಾವಿನ ಮನೆಗೆ ಬಾರಿಸುವುದನ್ನು ಅವನೇ ಬಿಟ್ಟಿದ್ದ. ಮಿಕ್ಕಿದ್ದು ಡಂಗುರ ಒಂದೇ. ಅದೂ ಹೋದರೆ ತಾನು ಯಾರು ಎಂದು ಅವನಿಗೇ ತಿಳಿಯುತ್ತಿರಲಿಲ್ಲ.

ಮರುದಿನ ಭವನ ತುಂಬಿ ಜನ ಮೆಟ್ಟಿಲ ಮೇಲೂ ಕೂತರು. ಅರ್ಧ ಗಡ್ಡ ಬೋಳಿಸಿಕೊಂಡವನೊಬ್ಬ ಕೆನ್ನೆಗೆ ಟವೆಲ್ ಒತ್ತಿಕೊಂಡೇ ಬಂದಿದ್ದ. ನೌಕರಿ ಬೇಕಾದ ವಯಸ್ಸಿನವರು ಬೆರಳೆಣಿಕೆಯಷ್ಟು. ಉಳಿದವರೆಲ್ಲ ಮನೆಯಲ್ಲಿ ಬಿಡುವಾಗಿದ್ದವರು, ಅಂದರೆ ಮುದುಕರು.

ವೇದಿಕೆಯ ಮೇಲೆ ಪ್ರೊಫೆಸರ್ ಗಂಗಾಧರ್ ಹಿಗ್ಗಿ ಹೋದರು. "ಇನ್ನು ಐದು ವರ್ಷಕ್ಕೆ ನೀವು ಎಲ್ಲಿರಬೇಕು ಅಂತ ಯೋಚಿಸಿದ್ದೀರಾ?"

ಮುಂದಿನ ಸಾಲಿನಿಂದ ಅಂಜಿನಕ್ಕ ಎದ್ದಳು. "ಐದು ವರ್ಷದ್ದು ಆಮ್ಯಾಲೆ ನೋಡೋಣ್ರಿ. ಈಗ ಎಮ್ಮಿ ಹಿಂಡೋ ಹೊತ್ತಿಗೆ ಮನಿಯಾಗಿರಬೇಕು. ನಾ ಬಂದೀನಿ ಅಂತ ಲಗೂನ ಬರಕೊಳ್ರಿ."

ಭವನ ನಕ್ಕಿತು. ಗೋಡೆಗೆ ಹಲಗೆ ಆನಿಸಿ ನಿಂತಿದ್ದ ಹುಲುಗಣ್ಣನೂ ನಗುತ್ತಿದ್ದ, ಮೂಲೆಯಲ್ಲಿ ಕಂಬಳಿ ಹೊದ್ದು ನಡುಗುತ್ತಿದ್ದ ಮುದುಕಿ ಚೌಡಕ್ಕ ಕಾಣುವವರೆಗೆ.

"ಯವ್ವಾ, ಜ್ವರದಾಗ ಯಾಕ ಬಂದಿ?"

"ಮನಿಯಾಗ ನಾ ಒಬ್ಬಾಕಿನ ಅಲ್ಲೇನಪ್ಪ. ನೀನ ಸಾರಿದ್ಯಲ್ಲ?"

ಅವನು ತಲೆ ಎತ್ತಿ ಸಾಲು ಸಾಲು ಮುಖಗಳನ್ನು ನೋಡಿದ. ಮೂರನೆಯ ಸಾಲಿನಲ್ಲಿ ಅವನ ಹೆಂಡತಿ ಶಿವಮ್ಮ ಕೂತಿದ್ದಳು. ಮನೆಯಲ್ಲಿ ಅವನ ಯಾವ ಮಾತನ್ನೂ ನಂಬದವಳು ಡಂಗುರವನ್ನು ನಂಬಿ ಬಂದಿದ್ದಳು.

ಬಸವೇಶರು ದೂರದಿಂದಲೇ ಅವನ ಮುಖ ಓದಿ, ಬೇಡ ಬೇಡ ಎಂದು ಕೈಯಾಡಿಸಿದರು. ಅಷ್ಟರಲ್ಲಿ ಹಲಗೆ ಸದ್ದು ಮಾಡಿತ್ತು.

"ಕೇಳ್ರಪ್ಪೋ ಕೇಳ್ರಿ! ನಳ ಬಂದ್ ಆಗಂಗಿಲ್ಲ! ನಾ ಸಾರಿದ್ದು ತಪ್ಪು! ಹೋಗೋರು ಹೋಗ್ರಿ, ಇರೋರು ಇರ್ರಿ!"

"ಹಾಟ್ಯಾ!" ಎಂದು ಬೈದು ಮೊದಲು ಎದ್ದವಳು ಅಂಜಿನಕ್ಕ. ಅವಳ ಹಿಂದೆ ಭವನ ಖಾಲಿಯಾಗತೊಡಗಿತು. ಯಾರೋ ಚೌಡಕ್ಕನ ರಟ್ಟೆ ಹಿಡಿದು ಮೆಲ್ಲಗೆ ಕರೆದೊಯ್ದರು. ಕೊನೆಗೆ ಉಳಿದವರು ನೌಕರಿ ಕೇಳಲು ಬಂದ ಹುಡುಗ ಹುಡುಗಿಯರು, ಮತ್ತೆ ಫ್ಯಾನಿನ ಕೆಳಗೆ ನಿದ್ದೆ ಹತ್ತಿದ್ದ ಇಬ್ಬರು ಅಜ್ಜಂದಿರು.

"ಮುಂದಿನ ಊರಿಗೆ ಮೈಕಿನ ಆಟೊನ ಹೇಳ್ತೀನಿ ತಗೋ," ಎಂದರು ಬಸವೇಶರು. ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು ದನಿಯಲ್ಲಿ. ಹುಲುಗಣ್ಣ ತಲೆಯಾಡಿಸಿ ಹಲಗೆಯನ್ನು ಹೆಗಲಿಗೇರಿಸಿದ.

ಆ ಮಾತು ಕಿವಿಗೆ ಬಿದ್ದ ಗಂಗಾಧರರು ಮಾತ್ರ ವೇದಿಕೆಯಿಂದ ಇಳಿದು ಬಂದು ಅವನ ಕೈ ಹಿಡಿದುಕೊಂಡರು. ಅವರ ಕಣ್ಣು ತೇವವಾಗಿತ್ತು. ಉಳಿದಿದ್ದ ಮಕ್ಕಳಿಗೂ ಕೇಳಲೆಂದು ಮೈಕನ್ನು ಅವನ ಬಾಯಿಗೆ ಹಿಡಿದರು.

"ಇರೋ ಒಂದು ಕೆಲಸವೂ ಹೋಗುತ್ತೆ ಅಂತ ಗೊತ್ತಿದ್ದೂ ನಿಜ ಹೇಳಿದಿರಿ, ಹುಲುಗಣ್ಣ. ಆ ಕ್ಷಣದಲ್ಲಿ ನಿಮ್ಮ ಅಂತರಾತ್ಮ ಏನು ಹೇಳಿತು?"

ಹುಲುಗಣ್ಣ ಮೂರನೆಯ ಸಾಲಿನ ಖಾಲಿ ಕುರ್ಚಿಯನ್ನೊಮ್ಮೆ ನೋಡಿದ.

"ಅದೇನೂ ಹೇಳ್ಲಿಲ್ರಿ ಸರ. ನನ್ ಹೆಂಡ್ತಿನೂ ಇಲ್ಲೇ ಬಂದು ಕುಂತಿದ್ಲು. ಮಧ್ಯಾಹ್ನಕ್ಕ ರೊಟ್ಟಿ ಬಡಿಯೋರು ಯಾರ್ರಿ?"