ಗೌಡ, ಪೈಲ್ವಾನ, ಮಾಸ್ತರ

ನಾನು ಅನುಮಾನದ ಹೆಂಗಸು. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ನಮ್ಮವರು ಹೇಳುತ್ತಾರೆ. ಹಾಲಿನ ಬಾಟಲಿಯ ಮೇಲೆ ತಾರೀಖು ಅಚ್ಚಾಗಿದ್ದರೂ ಮೂಸಿ ನೋಡದೆ ಚಹಾಕ್ಕೆ ಹಾಕುವವಳಲ್ಲ. ಟ್ಯೂಬ್ ಸ್ಟೇಶನ್ನಿನ ಫಲಕ ಇನ್ನೇನು ಗಾಡಿ ಬಂತು ಎಂದರೆ, ಬರಲಿ, ನೋಡೋಣ ಎನ್ನುತ್ತೇನೆ. ಕಸುಬೂ ಅಂಥದ್ದೇ ಸಿಕ್ಕಿತು. ಹುಬ್ಬಳ್ಳಿಯಲ್ಲಿ ಡಾಕ್ಟರಕಿ ಕಲಿತು, ಇಂಗ್ಲಿಷರ ದೇಶಕ್ಕೆ ಬಂದು, ಈಗ ಎಜ್‌ವೇರಿನಲ್ಲಿ ಜಿಪಿ, ಅಂದರೆ ಬಡಾವಣೆಯ ಡಾಕ್ಟರು, ಆಗಿದ್ದೇನೆ. ವಾರಕ್ಕೆ ಎರಡೇ ಗ್ಲಾಸು ಕುಡಿಯುತ್ತೇನೆ ಎಂದವನಿಗೆ, ಗ್ಲಾಸು ಎಷ್ಟು ದೊಡ್ಡದಪ್ಪಾ ಎಂದು ಕೇಳುವುದಕ್ಕೇ ನನಗೆ ಸಂಬಳ.

ಹಾಗೆ ನೋಡಿದರೆ ನಮ್ಮ ಹಿರಿಯರು ಅನುಮಾನಕ್ಕೆ ದೊಡ್ಡ ಮಣೆಯನ್ನೇ ಹಾಕಿದ್ದಾರೆ. ತರ್ಕಶಾಸ್ತ್ರದಲ್ಲಿ ಅದು ಜ್ಞಾನದ ಸಾಧನ. ಗುಡ್ಡದ ಮೇಲೆ ಹೊಗೆ ಕಂಡಿತೋ, ಅಲ್ಲಿ ಬೆಂಕಿ ಇದೆ ಎಂದು ತಿಳಿ ಎನ್ನುತ್ತಾರೆ ಶಾಸ್ತ್ರಿಗಳು. ಅದೇ ಕೆಲಸವನ್ನು ಹೆಂಡತಿ ಮಾಡಿದರೆ ಮಾತ್ರ ಸ್ವಭಾವದೋಷ. ಇರಲಿ. ಈ ಚಳಿಗಾಲದಲ್ಲಿ ನಮ್ಮ ಮನೆಯಲ್ಲೇ ಹೊಗೆ ಕಾಣಿಸಿಕೊಂಡಿತು.

ನಮ್ಮವರು ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಊರವರನ್ನೆಲ್ಲ ಮಲಗಿಸಿ ಬಂದು ಮನೆಯಲ್ಲಿ ತಾವೂ ಮಲಗುವ ನಿರುಪದ್ರವಿ ಪ್ರಾಣಿ. ಅಂಥವರು ಇದ್ದಕ್ಕಿದ್ದಂತೆ ಭಾನುವಾರ ಮುಂಜಾನೆ ಎದ್ದು, ಕನ್ನಡ ಸಂಘದ ಸಭೆ ಇದೆ ಎಂದು ಹೊರಡತೊಡಗಿದರು. ಹೋಗಲಿ ಬಿಡಿ, ಭಾಷಾಭಿಮಾನ. ಆದರೆ ಬರುವಾಗ ಬೂಟಿಗೆಲ್ಲ ಕೆಸರು, ಮೇಲಾಗಿ ಹಸಿವು. ಕೆಸರಿಗೆ ಏನಾದರೂ ಸಬೂಬು ಸಿಕ್ಕೀತು. ಸಂಘದ ಸಭೆಗೆ ಹೋಗಿ ಹಸಿದುಕೊಂಡು ಬಂದವರನ್ನು ನೀವೆಲ್ಲಾದರೂ ಕಂಡಿದ್ದೀರಾ?

ಮುಂದಿನ ವಾರ ಅವರು ಹಿತ್ತಲಲ್ಲಿ ನಿಂತು ಯಾರ ಜೊತೆಗೋ ಫೋನಿನಲ್ಲಿ ಮಾತಾಡುತ್ತಿದ್ದರು. ಆ ಚಳಿಯಲ್ಲಿ ಹಿತ್ತಲಿಗೆ ಹೋಗಿ ಮಾತಾಡುವುದೇ ಒಂದು ಸಾಕ್ಷಿ. ನಾನು ಅಡುಗೆಮನೆಯ ಕಿಟಕಿಯನ್ನು ಗಾಳಿಗೆಂದು ಸ್ವಲ್ಪ ತೆರೆದೆ.

"ಗೌಡ ನಂಬಿಗಸ್ತ, ಖರೇ, ಆದ್ರ ವಯಸ್ಸಾತು," ಎನ್ನುತ್ತಿದ್ದರು ನಮ್ಮವರು. "ಪೈಲ್ವಾನ ಎತ್ತರ ಅದಾನ, ಛಲೋ ಕಾಲೇಜಿನಿಂದ ಬಂದಾನ. ಮೊಣಕಾಲು ಒಂದ್ಸಲ ಆಪರೇಶನ್ ಆಗೇದ, ಅದೊಂದ. ಮಾಸ್ತರ ಸಣ್ಣಾಂವ, ಆದ್ರ ತಲಿ ಭಾಳ ಚುರುಕು."

ಎತ್ತರ, ವಯಸ್ಸು, ಕಾಲೇಜು, ಮುಚ್ಚಿಡಬೇಕಾದ ಒಂದು ಆಪರೇಶನ್. ಧಾರವಾಡದ ಕಡೆಯ ಯಾವ ಹೆಂಗಸನ್ನಾದರೂ ಕೇಳಿ. ಗಂಡಸರನ್ನು ಈ ರೀತಿ ಸಾಲಾಗಿ ನಿಲ್ಲಿಸಿ ತೂಗುವುದು ನಮ್ಮಲ್ಲಿ ಒಂದೇ ಕಾರಣಕ್ಕೆ. ಇವರು ಫೋನಿನಲ್ಲಿ ತಮ್ಮ ಅಕ್ಕನ ಜೊತೆ ಸೇರಿ ಮಗಳಿಗೆ ವರ ನೋಡುತ್ತಿದ್ದಾರೆ, ಅದೂ ನನಗೆ ಹೇಳದೆ.

ಇದು ಸಣ್ಣ ಮಾತಲ್ಲ. ಯಾಕೆಂದರೆ ಶಾಲ್ಮಲಾಳಿಗೆ, ನಮ್ಮ ಶಾಲೂಗೆ, ನಾವಿಬ್ಬರೂ ಮಾತು ಕೊಟ್ಟಿದ್ದೆವು. ಹಿಂದೊಮ್ಮೆ ಸ್ಟ್ಯಾನ್ಮೋರಿನ ಪರಿಚಯದವರು ಬೆಳಗಾವಿ ಕಡೆಯ ಒಬ್ಬ ಸರ್ಜನ್ ಹುಡುಗನನ್ನು ತೋರಿಸಿದ್ದರು. ನಯ, ವಿನಯ, ನಮ್ಮವರು ಏನೆಂದರೂ ಹೌದು ಅಂಕಲ್. ನನ್ನ ಪ್ರಶ್ನೆಗಳಿಗೆಲ್ಲ ಪಾಸಾಗಿದ್ದ, ನಾನೂ ನಂಬಿದ್ದೆ. ನಿಶ್ಚಿತಾರ್ಥವಾದ ಮೇಲೆ ತಿಳಿಯಿತು, ಅವನಿಗೆ ಬೇರೆ ಊರಿನಲ್ಲಿ ಒಬ್ಬಳ ಜೊತೆ ಸಂಸಾರವೇ ಇತ್ತು. ತಂದೆತಾಯಿಯ ಬಾಯಿ ಮುಚ್ಚಿಸಲು ನಮ್ಮ ಹುಡುಗಿ ಬೇಕಾಗಿದ್ದಳು, ಅಷ್ಟೇ. ಶಾಲೂ ಎಷ್ಟೋ ದಿನ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಒಂದೇ ಮಾತು ಕೇಳಿದಳು: ಇನ್ನು ಮುಂದೆ ನನಗಾಗಿ ಯಾರನ್ನೂ ನೋಡಬೇಡಿ. ಕೈಯಲ್ಲಿ ಕೈಯಿಟ್ಟು ಹೂಂ ಎಂದಿದ್ದೆವು. ಅವಳು ಹೌನ್ಸ್ಲೋದ ಫ್ಲ್ಯಾಟಿನಿಂದ ಶನಿವಾರ ಶನಿವಾರ ಮನೆಗೆ ಬರತೊಡಗಿದ್ದೇ ಆ ಮಾತಿನ ಮೇಲೆ. ಅದು ಮುರಿದಿದೆಯೆಂದು ಗೊತ್ತಾದರೆ ಮತ್ತೆ ಬರುತ್ತಾಳೆಯೇ?

ಆ ಸಂಜೆ ತಟ್ಟೆಗೆ ಅನ್ನ ಬಡಿಸುತ್ತಾ ಸಹಜವಾಗಿ, ಗೌಡ ಯಾರು ಎಂದು ಕೇಳಿದೆ. ನಮ್ಮವರ ಮುಖದ ಬಣ್ಣ ಇಳಿಯಿತು. ಗೌಡ ಒಬ್ಬ ಡಿಫೆನ್ಸಿವ್ ಟ್ಯಾಕಲ್ ಎಂದರು. ಮದುವೆಯಾದಾಗಿನಿಂದ ಇಷ್ಟು ಕೆಟ್ಟ ಸುಳ್ಳನ್ನು ಅವರ ಬಾಯಿಂದ ಕೇಳಿರಲಿಲ್ಲ.

ಆದರೆ ಅವರು ಐಪ್ಯಾಡ್ ತಂದು ತೋರಿಸಿಯೇಬಿಟ್ಟರು. ಅಮೆರಿಕದವರ ಫುಟ್‌ಬಾಲ್, ಕಾಲಿಗಿಂತ ಕೈಗೇ ಹೆಚ್ಚು ಕೆಲಸವಿರುವ ಆಟ. ಎದುರಾಳಿ ಚೆಂಡು ಹಿಡಿದು ನಡುವಿನಿಂದ ನುಗ್ಗದಂತೆ ಅಡ್ಡ ನಿಲ್ಲುವ ದೈತ್ಯರಿಗೆ ಆ ಹೆಸರು. ಒಂದು ತಂಡದಲ್ಲಿ ಇತ್ತೀಚಿನ ವರ್ಷಗಳಲ್ಲಿ ಆಡಿದ ಅಂಥ ಮೂವರಲ್ಲಿ ಯಾರು ಹೆಚ್ಚು ಎಂಬುದು ಚರ್ಚೆ. ಅಮೆರಿಕದ ಹೆಸರುಗಳು ನೆನಪಿನಲ್ಲಿ ನಿಲ್ಲದೆ ನಮ್ಮವರು ಅವರಿಗೆ ನಮ್ಮ ಕಡೆಯ ನಾಮಕರಣ ಮಾಡಿದ್ದರು. ಊರ ಅಗಸಿಬಾಗಿಲ ಮುಂದೆ ಕೂತಂತೆ ಅಲುಗಾಡದವನು ಗೌಡ. ಎದುರಾಳಿಯನ್ನು ಎತ್ತಿ ಒಗೆಯುವವನು ಪೈಲ್ವಾನ. ಎದುರಿನವರ ಕಾಲು ನೋಡಿಯೇ ಚೆಂಡು ಎತ್ತ ಹೋಗುತ್ತದೆಂದು ಹೇಳುವವನು ಮಾಸ್ತರ.

ನನಗೆ ಈ ಮಾಸ್ತರನ ಮೇಲೆ ಸ್ವಲ್ಪ ಮಮತೆ ಹುಟ್ಟಿತೆಂದು ಒಪ್ಪಿಕೊಳ್ಳಬೇಕು. ಎದುರಾಳಿ ನಾಯಕ ಚೆಂಡನ್ನು ತನ್ನವನೊಬ್ಬನ ಕೈಗೆ ಕೊಟ್ಟಂತೆ ಮಾಡಿ ಇನ್ನೊಬ್ಬನಿಗೆ ಕೊಡುತ್ತಾನೆ, ಕೆಲವು ಸಲ ಯಾರಿಗೂ ಕೊಡದೆ ತಾನೇ ಇಟ್ಟುಕೊಳ್ಳುತ್ತಾನೆ. ಎಲ್ಲರೂ ಮೋಸ ಹೋಗಿ ಓಡುತ್ತಾರೆ, ಮಾಸ್ತರ ಮಾತ್ರ ನಂಬದೆ ನಿಂತಿರುತ್ತಾನೆ. ಅನುಮಾನಕ್ಕೆ ಇಷ್ಟು ಚಪ್ಪಾಳೆ ಹೊಡೆಯುವ ದೇಶವೂ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಗೊತ್ತಾದ ಮೇಲೂ ಅನುಮಾನ ಹೋಗಲಿಲ್ಲ. ಟೆಸ್ಟ್ ಮ್ಯಾಚಿನಲ್ಲಿ ಊಟದ ವಿರಾಮದೊಳಗೇ ಗೊರಕೆ ಹೊಡೆಯುವ ಮನುಷ್ಯ ಈ ವಯಸ್ಸಿನಲ್ಲಿ ಇದನ್ನೇಕೆ ಕಲಿಯುತ್ತಾನೆ? ಕೇಳಿದೆ. ಮತ್ತೆ ಕೇಳಿದೆ. ನಮ್ಮವರು ಸಾರಿನ ಬಟ್ಟಲನ್ನು ಆಚೆ ಸರಿಸಿದರು.

"ಶಾಲೂ ಜೋಡಿ ಒಬ್ಬ ಹುಡುಗ ಇದ್ದಾನ. ಇದ ಆಟ ಆಡ್ತಾನ. ಅವನ ಜೋಡಿ ಮಾತಾಡ್ಲಿಕ್ಕೆ ನನಗ ಏನರ ವಿಷಯ ಬೇಕಾಗಿತ್ತು."

ಹುಡುಗನ ಹೆಸರು ಡ್ಯಾನ್. ಶಾಲೆಯಲ್ಲಿ ಗಣಿತ ಕಲಿಸುತ್ತಾನೆ. ಭಾನುವಾರ ಒಂದು ಸಣ್ಣ ಹವ್ಯಾಸಿ ತಂಡದಲ್ಲಿ ಡಿಫೆನ್ಸಿವ್ ಟ್ಯಾಕಲ್. ಇವರು ಮೈದಾನದ ಅಂಚಿನ ಕೆಸರಿನಲ್ಲಿ ನಿಂತು ನೋಡಿ ಬರುತ್ತಿದ್ದರು. ಫೋನಿನಲ್ಲಿದ್ದವಳು ಅಕ್ಕನಲ್ಲ, ಶಾಲೂ. ಡ್ಯಾನ್ ಜೊತೆ ಏನು ಮಾತಾಡಬೇಕೆಂದು ಅಪ್ಪನ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು. ಅಂದರೆ ಮಾತು ಮುರಿದಿರಲಿಲ್ಲ, ಹುಡುಗನನ್ನು ಅವಳೇ ನೋಡಿಕೊಂಡಿದ್ದಳು. ಸಂತೋಷಪಡಬೇಕಾಗಿತ್ತು. ನನಗೆ ಮಾತ್ರ ಅಳು ಬಂತು. ಅಪ್ಪನಿಗೆ ಹೇಳಿದ್ದಾಳೆ, ನನಗೆ ಹೇಳಿಲ್ಲ.

ಭಾನುವಾರ ಆಟ ಮುಗಿದ ಮೇಲೆ ಊಟಕ್ಕೆ ಕರೆಯಿರಿ ಎಂದೆ. ರೊಟ್ಟಿ ಬಡಿದೆ, ಎಣ್ಣೆಗಾಯಿ ಮಾಡಿದೆ. ಡ್ಯಾನ್ ಬಾಗಿಲಲ್ಲಿ ನಿಂತಾಗ ಹೊರಗಿನ ಬೆಳಕು ಅರ್ಧ ಕಡಿಮೆಯಾಯಿತು. ಊಟಕ್ಕೆ ಕೂತ ಕೂಡಲೇ ನಮ್ಮವರು ಕಲಿತದ್ದನ್ನೆಲ್ಲ ಹೊರಹಾಕಿದರು. ಮೂವರಲ್ಲಿ ಪೈಲ್ವಾನನೇ ಶ್ರೇಷ್ಠ, ಚೆಂಡು ಎಸೆಯುವವನನ್ನು ಅವನಷ್ಟು ಸಲ ಯಾರು ಕೆಡವಿದ್ದಾರೆ ಎಂದರು. ಆ ಹೆಸರುಗಳನ್ನು ಶಾಲೂ ಮೊದಲೇ ಕಲಿಸಿದ್ದಳು; ಡ್ಯಾನ್ ರೊಟ್ಟಿ ಮುರಿಯುತ್ತಾ ಹೌದೆಂಬಂತೆ ತಲೆಯಾಡಿಸಿದ.

ಆ ತಲೆಯಾಡಿಸುವಿಕೆ ನನಗೆ ಸೇರಲಿಲ್ಲ. ಸರ್ಜನ್ ಹುಡುಗನೂ ಇದೇ ಮೇಜಿನಲ್ಲಿ ಕೂತು ಹೀಗೇ ತಲೆಯಾಡಿಸಿದ್ದ. ಹಾಗಾಗಿ ನೇರವಾಗಿ ಕೇಳಿದೆ: ಇವರು ಹೇಳಿದ್ದು ಸರಿಯೇನಪ್ಪ?

ಡ್ಯಾನ್ ಕೈ ಒರೆಸಿಕೊಂಡ. ಕ್ಷಮಿಸಿ, ಅಂಕಲ್ ಹೇಳಿದ್ದು ತಪ್ಪು ಎಂದ. ಆಮೇಲೆ ಶೇಂಗಾ ಚಟ್ನಿಯ ಬಟ್ಟಲನ್ನು ಇದು ಗೌಡ ಎಂದು ನಡುವೆ ಇಟ್ಟು, ಎರಡು ಲೋಟಗಳನ್ನು ಅದಕ್ಕೆ ಒತ್ತಿ ಹಿಡಿದು ಪಾಠ ಶುರುಮಾಡಿದ. ಪೈಲ್ವಾನ ಕೆಡವುತ್ತಾನೆ, ಜನ ನೋಡುತ್ತಾರೆ. ಗೌಡನ ಹೆಸರಿನಲ್ಲಿ ಹೇಳಿಕೊಳ್ಳುವಂಥ ಲೆಕ್ಕವಿಲ್ಲ. ಯಾಕೆಂದರೆ ಎದುರಾಳಿಗಳು ಪ್ರತಿ ಸಲ ಇಬ್ಬರಿಬ್ಬರು ಅವನ ಮೇಲೆ ಬೀಳುತ್ತಿದ್ದರು. ಇಬ್ಬರ ಭಾರ ಅವನು ಹೊತ್ತದ್ದಕ್ಕೇ ಪಕ್ಕದವರಿಗೆ ದಾರಿ ತೆರೆಯಿತು, ಹೆಸರೂ ಬಂತು. ಗೌಡ ತಂಡ ಬಿಟ್ಟ ಮೇಲೆ ಅದೇ ಹುಡುಗರು ಸಪ್ಪಗಾದರು. ನಮ್ಮವರು ವಾದಿಸಿದರು, ಮುನಿಸಿಕೊಂಡರು, ಮೊಸರನ್ನ ಬರುವ ತನಕ ಹಟ ಬಿಡಲಿಲ್ಲ. ಡ್ಯಾನ್ ಗೌರವದಿಂದಲೇ ಪ್ರತಿ ಸಲ ಇಲ್ಲ ಎಂದ. ಹೌದು ಎಂದಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಅವನು ಹೋದ ಮೇಲೆ ಶಾಲೂ ಅಡುಗೆಮನೆಗೆ ಬಂದು ಪಾತ್ರೆ ಒರೆಸತೊಡಗಿದಳು. ಅಪ್ಪನಿಗೆ ಮೊದಲು ಹೇಳಿದ್ದೇಕೆ ಎಂದು ಕೇಳಿದೆ. ನನಗೆ ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ಆ ದಿನ ತಡೆದು ತಡೆದು ಕನ್ನಡದಲ್ಲಿ ಹೇಳಿದಳು.

"ಅಪ್ಪ ಎಲ್ಲಾರನ್ನೂ ನಂಬ್ತಾರ, ಅವರಿಗೆ ಹೇಳೂದು ಈಸಿ. ನೀ ನಂಬಿದ್ರ ಅಷ್ಟ ನನಗ ಖರೇ ಅನಸ್ತದ, ಅಮ್ಮ. ನೀ ಇಲ್ಲ ಅಂದ್ರ ಏನ್ ಮಾಡ್ಲಿ ಅಂತ ಅಂಜಿಕಿ ಬಂತು."

ನಾನು ನಲ್ಲಿ ನಿಲ್ಲಿಸಿ, "ನಂಬೀನಿ," ಎಂದೆ.

ಅಪ್ಪಿಕೊಳ್ಳುತ್ತಾಳೆಂದು ಕೈ ಒರೆಸಿಕೊಂಡೆ. ಅವಳು ಟವೆಲ್ ಕೆಳಗಿಟ್ಟು, ಕಣ್ಣು ಸಣ್ಣ ಮಾಡಿ, ಒಂದು ಕ್ಷಣ ನನ್ನನ್ನೇ ನೋಡಿದಳು.

"ಇಷ್ಟು ಲಗೂನ? ಖರೇ ಹೇಳು, ಅಪ್ಪ ಏನರ ಕಲಿಸಿ ಕಳಿಸ್ಯಾರೇನು ನಿನಗ?"

ಆ ಕಣ್ಣು ನೋಡಿ ನನಗೆ ಎಂಥ ನೆಮ್ಮದಿಯಾಯಿತೆಂದರೆ, ಡ್ಯಾನನನ್ನು ಕೇಳಬೇಕೆಂದು ಉಳಿಸಿಕೊಂಡಿದ್ದ ಪ್ರಶ್ನೆಗಳನ್ನೆಲ್ಲ ಅಲ್ಲಿಗೇ ಬಿಟ್ಟುಬಿಟ್ಟೆ. ಬೇಕಾದವನ್ನು ಅವಳೇ ಕೇಳಿಕೊಳ್ಳುತ್ತಾಳೆ.