ಸಿಸ್ಟರ್ ತಿಂದ ಚಿತ್ರಾನ್ನ

ಹಿರಿಯೂರಿನ ಕಾನ್ವೆಂಟಿನಲ್ಲಿ ನನ್ನ ಮಗ ಎರಡನೇ ಕ್ಲಾಸಿನಲ್ಲಿದ್ದಾಗ ಅವನಿಗೆ ಪಾಠ ಹೇಳುತ್ತಿದ್ದವರು ಒಬ್ಬ ಸಿಸ್ಟರ್. ಮಕ್ಕಳು ಏನು ಹೇಳಿದರೂ ಕತ್ತು ವಾಲಿಸಿ “ಆಮೇಲೆ?” ಎಂದು ಕೇಳುವುದು ಅವರ ರೂಢಿ. ಮಗ್ಗಿ ಒಪ್ಪಿಸುತ್ತ ತಡವರಿಸಿದವರಿಗೂ ಅದೇ “ಆಮೇಲೆ?”. ಮಧ್ಯಾಹ್ನದ ಪ್ರಾರ್ಥನೆಯ ಕೊನೆಗೆ ಪ್ರತಿ ಮಗುವೂ ಅಂದಿನ ಅಡುಗೆ ಮಾಡಿದವರಿಗೆ ಥ್ಯಾಂಕ್ಸ್ ಹೇಳಬೇಕು, ಆಮೇಲಷ್ಟೇ ಡಬ್ಬಿ ತೆರೆಯಬೇಕು.

ಒಂದು ದಿನ ಬಿಸಿ ಊಟ ಕೊಡಲು ಹೋದವನು ಬಾಗಿಲಲ್ಲೇ ನಿಂತೆ. ಆಟೋ ಓಡಿಸುವವರ ಮಗಳೊಬ್ಬಳು “ನಮ್ಮಪ್ಪನಿಗೆ ಥ್ಯಾಂಕ್ಸ್” ಎಂದಳು. ಅವಳ ತಾಯಿ ಹೆರಿಗೆಗೆಂದು ಧರ್ಮಪುರದ ತವರಿಗೆ ಹೋಗಿದ್ದರು.

“ಲೇ, ಅವರಪ್ಪ ಅಡಿಗೆ ಮಾಡ್ತಾನಂತೆ!” ಎಂದು ಪಕ್ಕದ ಹುಡುಗ ಕೂಗಿದ. ಕ್ಲಾಸೆಲ್ಲ ನಕ್ಕಿತು. ಹುಡುಗಿ ಡಬ್ಬಿಯನ್ನು ಚೀಲಕ್ಕೆ ತುರುಕಿ, “ನಂಗೆ ಹಸಿವಿಲ್ಲ ಸಿಸ್ಟರ್” ಎಂದಳು. ಕಣ್ಣು ತುಂಬಿತ್ತು.

ಸಿಸ್ಟರ್ ಅವಳ ಬೆಂಚಿನಲ್ಲೇ ಕುಳಿತರು. “ಅಪ್ಪ ಏನು ಮಾಡಿದ್ರು?”

“ಚಿತ್ರಾನ್ನ. ಉಪ್ಪು ಜಾಸ್ತಿ ಆತು.”

“ಆಮೇಲೆ?”

“ಸಕ್ಕರೆ ಹಾಕಿದ್ರು.”

“ಆಮೇಲೆ?”

“ತಿಂದು ನೋಡಿ, ‘ಇವತ್ತೊಂದಿನ ಅಡ್ಜಸ್ಟ್ ಮಾಡ್ಕಳವ್ವ’ ಅಂದ್ರು.”

ಹೇಳುತ್ತ ಹೇಳುತ್ತ ಅವಳಿಗೇ ನಗು ಬಂತು. ಸಿಸ್ಟರ್ ಕೈಯೊಡ್ಡಿ ಒಂದು ತುತ್ತು ಕೇಳಿ ತಿಂದರು, ಒಂದು ಲೋಟ ನೀರು ಕುಡಿದರು. “ಎಲ್ಲರೂ ಇವರಪ್ಪನಿಗೆ ಥ್ಯಾಂಕ್ಸ್ ಹೇಳಿ” ಎಂದರು. ಕ್ಲಾಸು ಒಕ್ಕೊರಲಿನಿಂದ ಹೇಳಿತು. ಹುಡುಗಿ ಡಬ್ಬಿ ಖಾಲಿ ಮಾಡಿದಳು.

ಮರುದಿನವೂ ನಾನು ಊಟ ಒಯ್ದಿದ್ದೆ. ಹಿಂದಿನ ದಿನ ಗೇಲಿ ಮಾಡಿದ್ದ ಹುಡುಗ ತನ್ನ ಡಬ್ಬಿಯನ್ನು ಎತ್ತಿ ಹಿಡಿದಿದ್ದ. “ಸಿಸ್ಟರ್, ಇವತ್ತು ನಮ್ಮಪ್ಪನೇ ಮಾಡಿದ್ದು! ನೀವೂ ತಿನ್ನಬೇಕು!”

ಸಿಸ್ಟರ್ ಮೊದಲು ನೀರಿನ ಲೋಟ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಕೈಯೊಡ್ಡಿದರು.