ಗಿಳಿ ಓಡಿಸಿದ ದುಂಡಪ್ಪ

ದುಂಡಪ್ಪನ ಬಾಯಿಗೆ ‘ಆಗೂದಿಲ್ಲ’ ಅನ್ನುವ ಮಾತೇ ಬರುತ್ತಿರಲಿಲ್ಲ. ಗದಗಿನ ಕಡೆಯ ಈ ಪುಣ್ಯಾತ್ಮ, ಕಂಪ್ಯೂಟರ್ ಕೆಲಸದವರಿಗೆಂದು ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡ್ ಹಿಡಿದು ಅಲ್ಲಿನ ವೀಸ್‌ಬಾಡೆನ್‌ ಊರಿಗೆ ಬಂದು ವರ್ಷವಾಗಿತ್ತು. ಇನ್ನೂ ಒಂದೇ ಕೋಣೆಯಲ್ಲಿ ಬಿದ್ದುಕೊಂಡಿದ್ದ. ಸಂಸಾರಕ್ಕಾಗುವಷ್ಟು ದೊಡ್ಡ ಮನೆಯ ಕರಾರುಪತ್ರ ತೋರಿಸಿದರೆ ಮಾತ್ರ ಹೆಂಡತಿ ಜಯಾಳಿಗೆ ವೀಸಾ.

ಹದಿನೇಳು ಮನೆ ತಿರುಗಿದ ಮೇಲೆ ಸಿಕ್ಕಿದ್ದು ಕೆಳಗೆ ತಾನೇ ವಾಸವಿದ್ದ ಫ್ರೌ ಕ್ರೂಗರ್ ಎಂಬ ಮುದುಕಿಯ ಮಹಡಿ ಮನೆ. ಮನೆಯೇನೋ ಚಂದ, ಹೊರಗೋಡೆ ಮಾತ್ರ ತೂತು ತೂತು. ಒಳಗಿಂದ ಇಣುಕುತ್ತಿದ್ದವು ನಮ್ಮ ಹಸಿರು ಗಿಳಿಗಳು! ಯಾವಾಗಲೋ ಪಂಜರದಿಂದ ತಪ್ಪಿಸಿಕೊಂಡವು ಊರ ತುಂಬ ಸಂಸಾರ ಹೂಡಿದ್ದವಂತೆ.

“ನಿಮ್ಮ ದೇಶದ ಹಕ್ಕಿಗಳು. ಚಳಿ ತಡೆಯಲು ಗೋಡೆಗೆ ಹಾಕಿಸಿದ ಥರ್ಮೋಕೋಲ್ ಎಲ್ಲ ಕೊರೆದು ಹಾಕಿವೆ. ಓಡಿಸಿದರೆ ಮನೆ ನಿಮಗೇ,” ಎಂದಳು ಮುದುಕಿ.

ದುಂಡಪ್ಪ ಒಪ್ಪಿಯೇಬಿಟ್ಟ. ಅವನಪ್ಪ ಚನ್ನಮಲ್ಲಪ್ಪ ನಲವತ್ತು ವರ್ಷ ಕವಣೆ ಬೀಸಿ ಇವೇ ಗಿಳಿಗಳಿಂದ ಜೋಳ ಕಾದವನು. ಇಲ್ಲಿ ಕವಣೆ ಬೀಸಿದರೆ ಪೊಲೀಸರು ಬಂದಾರು. ಅದಕ್ಕೇ ದಿನಾ ಬೆಳಿಗ್ಗೆ ಏಳಕ್ಕೆ, ಆಫೀಸಿನ ಟೈ ಕಟ್ಟಿಕೊಂಡೇ, ಗೋಡೆಯ ಕೆಳಗೆ ನಿಂತು ಸ್ಟೀಲ್ ತಾಟು ಬಡಿದು “ಹೋಯ್, ಹೋಹೋಯ್” ಎಂದು ಕೂಗತೊಡಗಿದ. ನಾಯಿ ತಿರುಗಾಡಿಸುವವರು ಅವನನ್ನು ಕಂಡು ಬೀದಿಯ ಆಚೆ ಬದಿ ಹಿಡಿದರು. ಎರಡು ದಿನ ಗಿಳಿಗಳು ಕತ್ತು ಓರೆ ಮಾಡಿಕೊಂಡು ನೋಡಿದವು. ಐದನೆಯ ದಿನ ಒಂದೂ ಇರಲಿಲ್ಲ.

ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು ಸಹಿ ಮಾಡಲು ಹೋದರೆ ಮುದುಕಿ ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದಳು.

“ಹತ್ತು ವರ್ಷ ಅವುಗಳ ಗಲಾಟೆಗೇ ಎದ್ದವಳು ನಾನು. ಈಗ ಮನೆ ಬಿಕೋ ಅನ್ನುತ್ತಿದೆ. ವಾಪಸ್ ಕರೆಸಿ.”

ಓಡಿಸುವುದನ್ನು ಅಪ್ಪ ಕಲಿಸಿದ್ದ. ಕರೆಯುವುದು ಅವರ ವಂಶದಲ್ಲೇ ಯಾರಿಗೂ ಗೊತ್ತಿರಲಿಲ್ಲ. ದುಂಡಪ್ಪನಿಗೆ ಅಳುವೇ ಬಂತು. ಆಗಲೂ ‘ಆಗೂದಿಲ್ಲ’ ಬರಲಿಲ್ಲ. ಚಟ್ನಿಪುಡಿಗೆಂದು ಊರಿಂದ ತಂದು ಕಾಪಿಟ್ಟಿದ್ದ ಶೇಂಗಾವನ್ನು ಮುದುಕಿಯ ಕಿಟಕಿಯ ಹೊರಗೆ ಸುರಿದ. ಮೂರನೆಯ ದಿನ ಒಂದು ಬಂತು, ವಾರದೊಳಗೆ ಬಂಧುಬಳಗವೆಲ್ಲ ಬಂತು. ಮುದುಕಿ ಸಹಿ ಹಾಕಿದಳು. ಹಾಕುವ ಮುಂಚೆ ಕರಾರಿಗೆ ಒಂದು ಸಾಲು ಸೇರಿಸಿದಳು: ದಿನವೂ ಗಿಳಿಗಳಿಗೆ ಕಾಳು ಹಾಕುವುದು ಬಾಡಿಗೆದಾರನ ಕೆಲಸ.

ಸಂಜೆ ಫೋನಿನಲ್ಲಿ ಅಪ್ಪನಿಗೆ ಎಲ್ಲ ಹೇಳಿದ. 

“ಕವಣಿ ಬೀಸಿ ಬೀಸಿ ನನ್ನ ಭುಜ ಹೋತು,” ಎಂದ ಚನ್ನಮಲ್ಲಪ್ಪ. “ನೀ ಅಲ್ಲಿ ಅವಕ್ಕ ಊಟಕ್ಕ ಹಾಕತೀ?”

“ಹಾಕಲಿಲ್ಲಂದ್ರ ಜಯಾ ಬರಾಕ ಆಗೂದಿಲ್ಲಪ್ಪಾ.”



“ಹಂಗಾರ ಹುರದು ಹಾಕಬ್ಯಾಡ, ಹಸೀವ ಹಾಕು. ಜಯಾನ ಕೈಯಾಗ ಒಂದು ಚೀಲ ಶೇಂಗಾ ಕಳಸ್ತೀನಿ.”